ವಾಕೋವರ್

ಹಿಲಾಲ್ ಐಸ್ ಪ್ಲಾಂಟ್ ಲೇಡೀಸ್, ಶಿರಿಯ.
ಅಸೋಸಿಯೇಶನ್ನಿನ ರಿಜಿಸ್ಟರಿನಲ್ಲಿ
ಹದಿನೇಳು ತಿಂಗಳು ಇದ್ದೇವೆ.
ಬಿ ಡಿವಿಜನ್. ಅದರಿಂದ ಕೆಳಗೆ
ಬರೀ ಮುರಕಲ್ಲು.

ಆಟ ಹನ್ನೊಂದು, ಸೋಲು ಹತ್ತು, ಗೆಲುವು ಒಂದು.
ಆ ಒಂದರ ಸುದ್ದಿ ಆಮೇಲೆ.

ಜರ್ಸಿ ಕೊಡಿಸಿದ್ದು ಅಂದುಂಞಿ ಸಾಹುಕಾರರು,
ಮಗಳು ಮಿಸ್ರಿಯಾ ಲೆಫ್ಟ್ ವಿಂಗ್ ಎಂಬ ಒಂದೇ ಕಾರಣಕ್ಕೆ.
ಹಸುರು ಬಟ್ಟೆ, ಬೆನ್ನಿಗೆ ಮಂಜುಗಡ್ಡೆಯ ಚಿತ್ರ;
ದೂರದಿಂದ ಬಟ್ಟೆ ಸೋಪಿನ ಹಾಗೆ ಕಾಣುತ್ತಿತ್ತು.
ಮೊದಲ ಒಗೆತಕ್ಕೇ ಬಣ್ಣ ಬಿಟ್ಟು
ಅಪ್ಪನ ಬಿಳಿ ಪಂಚೆ ಕೂಡ ಆ ವರ್ಷ
ನಮ್ಮ ಕಡೆಗೇ ಆಡಿತು.

ಕಲಿಸಿದವರು ಚೋಯಿಯೇಟ್ಟ. ರೈಲ್ವೆ ಗ್ಯಾಂಗಿನಿಂದ ನಿವೃತ್ತ,
ಸರಿ ಇದ್ದದ್ದು ಒಂದೇ ಮೊಣಕಾಲು.
ಎತ್ತಿ ಹೊಡೆಯಬೇಡಿ ಮಕ್ಕಳೇ,
ಹಳಿ ದಾಟಿದರೆ ಚೆಂಡು ನಮ್ಮದಲ್ಲ,
ರೈಲಿನದು.

ನಾನು ಗೋಲಿ.
ದಿನಕ್ಕೆ ಸಾವಿರ ಬೀಡಿ ಕಟ್ಟುವ ಬೆರಳಿಗೆ
ಏನೂ ಜಾರುವುದಿಲ್ಲ ಎಂದು ಅವರ ಲೆಕ್ಕ.
ಲೆಕ್ಕ ತಪ್ಪಿತು. ನೀಲೇಶ್ವರದಲ್ಲಿ ಏಳು ಜಾರಿದವು.
ಗ್ಲೌಸು ಐಸ್ ಎತ್ತುವವರದ್ದು, ಬಂಗುಡೆ ವಾಸನೆ;
ಪೆನಾಲ್ಟಿಗೆ ನಿಂತು ಮೂಗೊರೆಸಿಕೊಂಡರೆ
ಹಸಿವಾಗುತ್ತಿತ್ತು.

ಕೊಡು ಎನ್ನುವ ಮಾತು ನಮ್ಮಲ್ಲಿ ನಾಲ್ಕಿತ್ತು.
ನಾನು ಕೊಡು ಎಂದರೆ ಉಷಾಲತಾ ಕೊರ್ಲ,
ಮಿಸ್ರಿಯಾ ತಾ, ಜೆಸಿಂತಾ ದೀ.
ಗುಟ್ಟಿನ ಭಾಷೆಯೆಂದು ಎದುರಿನವರು ದೂರು ಕೊಟ್ಟರು.
ಗುಟ್ಟೇನು ಬಂತು,
ಉಸಿರು ಕಟ್ಟಿ ಓಡುವಾಗ ಬಾಯಿಗೆ ಬರುವುದು
ಅಡುಗೆಮನೆಯ ಮಾತೇ.

ಪತ್ರಿಕೆಯವರು ಫೋಟೋ ಕೇಳಿದ್ದರು. ಕೊಟ್ಟೆವು.
ಅದರಲ್ಲಿ ಎಂಟೇ ಮಂದಿ.
ಉಳಿದ ಮೂವರ ಮನೆಯಲ್ಲಿ
ಇನ್ನೂ ಗೊತ್ತಿರಲಿಲ್ಲ.

ಈಗ ಆ ಗೆಲುವು.
ಡಿಸೆಂಬರಿನ ಭಾನುವಾರ, ಚೆರುವತ್ತೂರಿನವರ ವ್ಯಾನು
ಚಂದ್ರಗಿರಿ ಸೇತುವೆಯ ಹತ್ತಿರ ಕೈಕೊಟ್ಟಿತಂತೆ.
ರೆಫರಿ ಅರ್ಧ ಗಂಟೆ ಗಡಿಯಾರ ನೋಡಿ
ನಮ್ಮನ್ನು ಸಾಲಾಗಿ ನಿಲ್ಲಿಸಿ ಒಂದು ಸೀಟಿ ಊದಿ
ಜಯ ಎಂದು ಬರೆದು ಬೈಕು ಹತ್ತಿ ಹೋದರು.
ನಿಂತೇ ಇದ್ದೆವು.
ಗೆದ್ದವರು ಕೈಯನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆಂದು
ನಮಗೆ ಗೊತ್ತಿರಲಿಲ್ಲ.

ಮೈದಾನದ ಬಾಡಿಗೆ ಆರರವರೆಗೆ ಕಟ್ಟಿದೆ,
ಎಂದಳು ಉಷಾಲತಾ.
ಆರು ಆರಾಗಿ ಒಡೆದುಕೊಂಡೆವು,
ಹನ್ನೆರಡನೆಯವರು ಚೋಯಿಯೇಟ್ಟ, ಒಂದು ಮೊಣಕಾಲಿನಲ್ಲಿ.
ಐಸ್ ಪ್ಲಾಂಟಿನ ಒಡಿಶಾದ ಹುಡುಗರು ಗೋಡೆ ಹತ್ತಿದರು.
ಸಿಗ್ನಲ್ಲಿಗೆ ನಿಂತ ಮಂಗಳೂರು ಲೋಕಲ್ಲಿನ ಬಾಗಿಲಲ್ಲಿ
ಯಾರೋ ಕಡಲೆಕಾಯಿ ತಿನ್ನುತ್ತ
ಆಫ್‌ಸೈಡ್! ಎಂದು ಕೂಗಿದ.
ಮಿಸ್ರಿಯಾ ಎಡಗಾಲಲ್ಲಿ ಹೊಡೆದದ್ದು
ನನ್ನ ತಲೆಯ ಮೇಲಿಂದ ಒಳಗೆ ಹೋಯಿತು.
ತಡೆಯಬಹುದಿತ್ತು ಎಂದು ಇವತ್ತಿಗೂ ಹೇಳುತ್ತೇನೆ.
ಸುಳ್ಳು.
ಅಂಥ ಹೊಡೆತ ನನಗೆ ಮತ್ತೆ ಯಾರೂ ಹೊಡೆಯಲಿಲ್ಲ.
ಕತ್ತಲಲ್ಲಿ ಚೆಂಡು ಕಾಣದೆ ಸದ್ದು ಕೇಳಿಯೇ ಆಡಿದೆವು.
ಯಾರು ಯಾರ ಮೇಲೆ ಗೆದ್ದರೋ,
ರಿಜಿಸ್ಟರಿನಲ್ಲಿ ಅದಿಲ್ಲ.

ನಿಂತದ್ದು ಯಾಕೆ ಎಂದರೆ
ದೊಡ್ಡ ಕಾರಣವೇನೂ ಇರಲಿಲ್ಲ.
ಒಂದು ವಾರ ಒಂಬತ್ತು ಮಂದಿ ಬಂದರು,
ಇನ್ನೊಂದು ವಾರ ಆರು.
ಆಮೇಲೆ ಚೆಂಡು ಮನೆಯಲ್ಲಿಟ್ಟುಕೊಂಡಿದ್ದವಳೇ ಬರಲಿಲ್ಲ.
ಹೆದ್ದಾರಿ ಬಂದು ಪೆನಾಲ್ಟಿ ಬಾಕ್ಸು ನುಂಗಿದ್ದು
ಅದಕ್ಕೂ ಎಷ್ಟೋ ದಿನದ ಮೇಲೆ,
ಅದನ್ನು ದೂರುವುದು ತಪ್ಪು.

ಮೊನ್ನೆ ಕುಂಬಳೆಯ ಬಸ್ಸಿನಲ್ಲಿ
ಯಾರದ್ದೋ ಚೀಲದಿಂದ ಬಿದ್ದ ಚಕ್ಕೋತ
ಸೀಟುಗಳ ನಡುವೆ ಉರುಳಿಕೊಂಡು ಬಂತು.
ಪಾದ ತನ್ನಷ್ಟಕ್ಕೆ ತಡೆಯಿತು.
ಹಿಂದಿನಿಂದ ಒಬ್ಬಳು, ಕೊರ್ಲ ಅಕ್ಕಾ, ಎಂದಳು.

ಎಡಗಡೆ ಯಾರಾದರೂ ಓಡಿ ಬರುತ್ತಿದ್ದಾರಾ
ಎಂದು ಒಮ್ಮೆ ನೋಡಿ
ಆಮೇಲೆ ಬಗ್ಗಿದೆ.